ಕುದುರೆ ಕಪ್ಪಲ್ಲ, ಆನೆ ಬಿಳಿಯಲ್ಲ

ಈ ಸುದ್ದಿಯನ್ನು ಒಮ್ಮೆ ಓದಿ: ‘ಹೊಸ ಬಸ್ ನಿಲ್ದಾಣದ ನೀಲನಕ್ಷೆಗೆ ಸಂಪುಟ ಹಸಿರು ನಿಶಾನೆ ತೋರಿದೆ. ಹಳೆಯ ನಿಲ್ದಾಣ ಬಿಳಿಯಾನೆಯಾಗಿತ್ತು ಎಂದು ಸಚಿವರು ಹೇಳಿದ್ದಾರೆ. ಅಧಿಕಾರಿಗಳನ್ನು ಬಲಿಪಶು ಮಾಡಿ ಈಗ ಮೊಸಳೆ ಕಣ್ಣೀರು ಸುರಿಸುತ್ತಿದ್ದಾರೆ ಎಂದು ಪ್ರತಿಪಕ್ಷ ಟೀಕಿಸಿದೆ. ಮುಂದಿನ ಚುನಾವಣೆಯಲ್ಲಿ ಈ ಕ್ಷೇತ್ರದ ಕಪ್ಪು ಕುದುರೆ ಯಾರೆಂಬ ಚರ್ಚೆಯೂ ಶುರುವಾಗಿದೆ.’

ಇದು ನಾನೇ ಹೊಸೆದ ಸುದ್ದಿ. ಆದರೆ ಇಂಥದ್ದನ್ನು ನೀವು ನೂರು ಸಲ ಓದಿದ್ದೀರಿ. ಸುದ್ದಿಮನೆಯ ರಾತ್ರಿ ಪಾಳಿಯಲ್ಲಿ ಕೂತು ನಾನು ಅದಕ್ಕಿಂತ ಹೆಚ್ಚು ಸಲ ಬರೆದಿದ್ದೇನೆ. ‘ಬಸ್’ ಬಿಟ್ಟರೆ ಇದರಲ್ಲಿ ಇಂಗ್ಲಿಷ್ ಪದ ಒಂದೂ ಇಲ್ಲ. ಆದರೂ ನೀಲನಕ್ಷೆ, ಹಸಿರು ನಿಶಾನೆ, ಬಿಳಿಯಾನೆ, ಬಲಿಪಶು, ಮೊಸಳೆ ಕಣ್ಣೀರು, ಕಪ್ಪು ಕುದುರೆ ಈ ಆರೂ ಇಂಗ್ಲಿಷ್ ನುಡಿಗಟ್ಟುಗಳು ಕನ್ನಡದ ಅಂಗಿ ತೊಟ್ಟು ಒಳಗೆ ಬಂದು ಕೂತವು. (ಆ ಅಂಗಿಯಾದರೂ ಪೂರ್ತಿ ನಮ್ಮದೇ ಅನ್ನುವಂತಿಲ್ಲ. ‘ನಕ್ಷೆ’ ಅರಬ್ಬಿ ಮೂಲದ್ದು, ‘ನಿಶಾನೆ’ ಪಾರಸಿಯದ್ದು.)

ರಾತ್ರಿ ಹನ್ನೊಂದರ ಹೊತ್ತಿಗೆ ಏಜೆನ್ಸಿಯ ಸುದ್ದಿ ಬಂದು ಬೀಳುತ್ತದೆ. ಪುಟ ಹೋಗುವುದಕ್ಕೆ ಇಪ್ಪತ್ತು ನಿಮಿಷ. ಆಗ ಯಾರೂ ನುಡಿಗಟ್ಟಿನ ಹುಟ್ಟೂರು ವಿಚಾರಿಸುವುದಿಲ್ಲ. ಪದಕ್ಕೆ ಪದ ಇಟ್ಟು ಮುಂದಕ್ಕೆ ದೂಡುತ್ತೇವೆ. ಹಾಗೆ ದೂಡುವಾಗ ಕೆಲವು ಕಡೆ ನಮ್ಮ ಕೈಗೆ ಸಿಕ್ಕಿದ್ದು ಬೇರೆಯದೇ ಪ್ರಾಣಿ ಎಂಬುದು ನನಗೆ ತಡವಾಗಿ ಗೊತ್ತಾಯಿತು.

ಕುದುರೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಾನು ಬೈಸಿಕೊಂಡದ್ದು ಅದರಿಂದ. ಕ್ರಿಕೆಟ್ ವಿಶ್ವಕಪ್ಪಿನ ಮುನ್ನೋಟವೊಂದರಲ್ಲಿ, ಯಾರೂ ಲೆಕ್ಕಕ್ಕಿಡದ ತಂಡವೊಂದನ್ನು ‘ಕಪ್ಪು ಕುದುರೆ’ ಎಂದು ಬರೆದಿದ್ದೆ. ನಮ್ಮ ಕ್ರೀಡಾ ವಿಭಾಗದ ಹಿರಿಯರಿಗೆ ವಾರಾಂತ್ಯದಲ್ಲಿ ರೇಸ್‌ಕೋರ್ಸ್ ಕಡೆ ಹೋಗುವ ಅಭ್ಯಾಸ. ಪುಟದ ಕರಡು ನೋಡಿ ಕನ್ನಡಕ ಹಣೆಗೇರಿಸಿದರು. “ಅಲ್ಲಯ್ಯಾ, ಕುದುರೆ ಕಪ್ಪಾದ್ರೆ ಏನು ವಿಶೇಷ? ರೇಸಿನ ಪಟ್ಟೀಲಿ ಬೇ, ಚೆಸ್ಟ್‌ನಟ್, ಗ್ರೇ ಅಂತ ಎಲ್ಲಾ ಬಣ್ಣದ್ದೂ ಇರುತ್ವೆ. ಬಣ್ಣ ನೋಡಿ ಯಾವನು ದುಡ್ಡು ಕಟ್ತಾನೆ?”

ಅವರು ಹೇಳಿದ್ದು ಸರಿ. ಇಂಗ್ಲಿಷಿನ ‘ಡಾರ್ಕ್’ ಇಲ್ಲಿ ಬಣ್ಣವಲ್ಲ. ಒಂದು ವಿಷಯವನ್ನು ಗುಟ್ಟಾಗಿಡು ಅನ್ನುವುದಕ್ಕೆ ಆ ಭಾಷೆಯಲ್ಲಿ ‘ಕೀಪ್ ಇಟ್ ಡಾರ್ಕ್’ ಅನ್ನುತ್ತಾರೆ. ಕತ್ತಲಲ್ಲಿಟ್ಟದ್ದು, ಯಾರಿಗೂ ಗೊತ್ತಿಲ್ಲದ್ದು ಎಂಬ ಅರ್ಥ. 1831ರಲ್ಲಿ ಬಂದ ಕಾದಂಬರಿಯೊಂದರಲ್ಲಿ ಒಂದು ರೇಸಿನ ದೃಶ್ಯವಿದೆ. ಎಲ್ಲರ ಕಣ್ಣೂ ನೆಚ್ಚಿನ ಎರಡು ಕುದುರೆಗಳ ಮೇಲಿರುವಾಗ, ಯಾರೂ ನೆನೆಸದಿದ್ದ, ಪಟ್ಟಿಯಲ್ಲಿದ್ದರೂ ಗಮನಕ್ಕೇ ಬಾರದ ‘ಡಾರ್ಕ್ ಹಾರ್ಸ್’ ಒಂದು ನುಗ್ಗಿ ಬಂದು ಗೆದ್ದುಬಿಡುತ್ತದೆ. ಅದನ್ನು ಬರೆದಾತ ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಬೆಂಜಮಿನ್ ಡಿಸ್ರೇಲಿ. ರೇಸಿನ ಮೈದಾನದಿಂದ ಮಾತು ಚುನಾವಣೆಗೆ ದಾಟಿತು. 1844ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ್ದ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ, ಮೊದಲಿಗೆ ಯಾರ ಬಾಯಲ್ಲೂ ಇಲ್ಲದ ಜೇಮ್ಸ್ ಪೋಕ್ ಒಂಬತ್ತನೇ ಸುತ್ತಿನ ಮತದಾನದಲ್ಲಿ ಅಭ್ಯರ್ಥಿಯಾಗಿ, ಆ ವರ್ಷವೇ ಅಮೆರಿಕದ ಅಧ್ಯಕ್ಷರಾಗಿ ಗೆದ್ದರು. ಇಂದಿಗೂ ಅಲ್ಲಿ ಅವರನ್ನು ಮೊದಲ ‘ಡಾರ್ಕ್ ಹಾರ್ಸ್’ ಅಧ್ಯಕ್ಷ ಅನ್ನುತ್ತಾರೆ.

ಹಿರಿಯರು ನನ್ನ ಕಪ್ಪು ಕುದುರೆಗೆ ಅಡ್ಡಗೆರೆ ಎಳೆದು ‘ಎಲೆಮರೆಯ ಕಾಯಿ’ ಎಂದು ಬರೆದರು. ಇದಕ್ಕಿಂತ ಒಳ್ಳೆಯ ಅನುವಾದವನ್ನು ನಾನು ಈವರೆಗೆ ಕಂಡಿಲ್ಲ. ಕುದುರೆ ಹೋಯಿತು, ಆದರೆ ಅಡಗಿರುವಿಕೆ ಉಳಿಯಿತು. ಹಾಗಿದ್ದೂ ಮಾರನೇ ವಾರ ಇನ್ನೊಬ್ಬ ಸಹೋದ್ಯೋಗಿ ಕಪ್ಪು ಕುದುರೆಯನ್ನು ಮತ್ತೆ ಓಡಿಸಿದ. ಅದು ಈಗ ನಿಲ್ಲುವ ಹಾಗಿಲ್ಲ.

ಕುದುರೆಯ ಬಣ್ಣ ತಪ್ಪಿದ್ದು ಸಣ್ಣ ವಿಷಯ. ‘ಬಲಿಪಶು’ವಿನಲ್ಲಿ ನಾವು ಹಿಡಿದಿರುವುದು ಬೇರೆಯದೇ ಮೇಕೆ.

ಇಂಗ್ಲಿಷಿನ ‘ಸ್ಕೇಪ್‌ಗೋಟ್’ ಬಂದದ್ದು ಬೈಬಲ್ಲಿನ ಯಾಜಕಕಾಂಡದ 16ನೇ ಅಧ್ಯಾಯದಿಂದ. ವರ್ಷಕ್ಕೊಮ್ಮೆ ಬರುವ ಪ್ರಾಯಶ್ಚಿತ್ತದ ದಿನ ಮಹಾಯಾಜಕನ ಮುಂದೆ ಎರಡು ಹೋತಗಳನ್ನು ತಂದು ನಿಲ್ಲಿಸುತ್ತಾರೆ. ಚೀಟಿ ಎತ್ತುತ್ತಾರೆ. ಒಂದು ಚೀಟಿ ದೇವರಿಗೆ, ಇನ್ನೊಂದು ‘ಅಜಾಜೇಲ’ನಿಗೆ. ದೇವರ ಪಾಲಿಗೆ ಬಂದ ಹೋತವನ್ನು ಅಲ್ಲೇ ಕಡಿಯುತ್ತಾರೆ. ಎರಡನೆಯದರ ತಲೆಯ ಮೇಲೆ ಯಾಜಕ ಎರಡೂ ಕೈ ಇಟ್ಟು, ಇಡೀ ಜನಾಂಗದ ಪಾಪಗಳನ್ನು ಹೇಳಿ ಅದರ ಮೇಲೆ ಹೊರಿಸುತ್ತಾನೆ. ಆಮೇಲೆ ಒಬ್ಬ ಆಳು ಅದನ್ನು ಜೀವಂತವಾಗಿ ಮರುಭೂಮಿಗೆ ಅಟ್ಟಿ ಬರುತ್ತಾನೆ.

1530ರಲ್ಲಿ ಈ ಭಾಗವನ್ನು ಹೀಬ್ರೂವಿನಿಂದ ಇಂಗ್ಲಿಷಿಗೆ ತಂದವರು ವಿಲಿಯಂ ಟಿಂಡೇಲ್. ‘ಅಜಾಜೇಲ್’ ಎಂಬುದನ್ನು ಒಂದು ಹೆಸರೆಂದು ಓದದೆ, ‘ಹೊರಟುಹೋಗುವ ಮೇಕೆ’ ಎಂಬ ಎರಡು ಪದಗಳಾಗಿ ಒಡೆದು ಓದಿಕೊಂಡರು. ಅದಕ್ಕೆ ಹೊಸ ಪದವೊಂದನ್ನು ಟಂಕಿಸಿದರು. ‘ಎಸ್ಕೇಪ್’ನ ಮೊದಲಕ್ಷರ ಹಾರಿಸಿದರೆ ‘ಸ್ಕೇಪ್’, ಅದಕ್ಕೆ ‘ಗೋಟ್’. ಅಂದರೆ ತಪ್ಪಿಸಿಕೊಂಡ ಮೇಕೆ. ಬೈಬಲ್ಲನ್ನು ಇಂಗ್ಲಿಷಿಗೆ ತರುವುದೇ ಆಗ ಅಪರಾಧ. ಟಿಂಡೇಲ್ ದೇಶ ಬಿಟ್ಟು ಹೋಗಿ ಈ ಕೆಲಸ ಮಾಡಿದ್ದರು. 1535ರಲ್ಲಿ ಅವರನ್ನು ಹಿಡಿದು, ಮರುವರ್ಷ ಕತ್ತು ಹಿಸುಕಿ ಸುಟ್ಟರು. ಪದ ಮಾತ್ರ ಉಳಿಯಿತು. ಯಾರದೋ ತಪ್ಪನ್ನು ಹೊತ್ತವನು ಎಂಬ ಇಂದಿನ ಅರ್ಥ ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡದ್ದು 19ನೇ ಶತಮಾನದಲ್ಲಿ.

ಈಗ ಕನ್ನಡಕ್ಕೆ ಬನ್ನಿ. ಬಲಿಪಶು ಅಂದರೆ ಬಲಿಗೆ ಕೊಟ್ಟ ಪಶು. ಎರಡು ಹೋತಗಳಲ್ಲಿ ಬಲಿಯಾದದ್ದು ಮೊದಲನೆಯದು. ಅದರ ಮೇಲೆ ಯಾರೂ ಪಾಪ ಹೊರಿಸಲಿಲ್ಲ. ಪಾಪ ಹೊತ್ತದ್ದು ಎರಡನೆಯದು, ಅದನ್ನು ಬಲಿಪೀಠದಲ್ಲಿ ಕಡಿಯಲೇ ಇಲ್ಲ. ನಮ್ಮ ನಾಡಿನಲ್ಲಿ ಹಬ್ಬಕ್ಕೆ ತಂದು, ತೋರಣದ ತಳಿರು ಮೇಯಲು ಬಿಟ್ಟ ಹರಕೆಯ ಕುರಿ ಎಲ್ಲರ ಕಣ್ಣಮುಂದೆ ಇತ್ತು, ವಚನದಲ್ಲೂ ಇತ್ತು. ಹಾಗಾಗಿ ಅನುವಾದಿಸುವವರ ಕೈ ತಾನಾಗಿ ಬಲಿಯ ಕಡೆ ಹೋಯಿತೆಂದು ಕಾಣುತ್ತದೆ. ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಯೆಹೂದಿಗಳ ಧರ್ಮನಿಯಮಗಳ ಹಳೆಯ ಸಂಗ್ರಹವಾದ ಮಿಷ್ನಾದಲ್ಲಿ ಆಮೇಲಿನ ಕಾಲದ ವಿವರ ಸಿಗುತ್ತದೆ: ಆ ಎರಡನೇ ಹೋತದ ಕೊಂಬುಗಳ ನಡುವೆ ಕೆಂಪು ಉಣ್ಣೆಯ ದಾರದ ಅರ್ಧ, ಬಂಡೆಗೆ ಇನ್ನರ್ಧ ಕಟ್ಟಿ, ಅದನ್ನು ಹಿಮ್ಮುಖವಾಗಿ ಪ್ರಪಾತಕ್ಕೆ ನೂಕುತ್ತಿದ್ದರು. ಪಾಪದ ಹೊರೆ ಹೊತ್ತದ್ದು ತಿರುಗಿ ಊರಿಗೆ ಬಂದರೆ ಕಷ್ಟ! ಅಲ್ಲಿಗೆ ‘ತಪ್ಪಿಸಿಕೊಂಡ ಮೇಕೆ’ ತಪ್ಪಿಸಿಕೊಳ್ಳಲಿಲ್ಲ, ಕನ್ನಡದ ಬಲಿಪಶು ಅಡ್ಡದಾರಿಯಲ್ಲಿ ನಿಜವಾಯಿತು.

ಮೊಸಳೆ ಕಣ್ಣೀರಿನ ಅನುವಾದದಲ್ಲಿ ತೊಡಕಿಲ್ಲ, ಪದಕ್ಕೆ ಪದ ಸರಿಯಾಗಿದೆ. ಬೇಟೆಯನ್ನು ತಿನ್ನುತ್ತಾ ಮೊಸಳೆ ಅಳುತ್ತದೆ ಎಂಬ ನಂಬಿಕೆ ಯುರೋಪಿನಲ್ಲಿ ಬಹಳ ಹಳೆಯದು. 14ನೇ ಶತಮಾನದ, ಅರ್ಧ ಕಟ್ಟುಕತೆಯೇ ಆದ ಪ್ರವಾಸಕಥನವೊಂದರಿಂದ ಇಂಗ್ಲಿಷರಲ್ಲಿ ಹರಡಿತು. ಬರೀ ಕತೆ ಎಂದು ನಾನು ಅಂದುಕೊಂಡಿದ್ದೆ. ಆದರೆ ಫ್ಲಾರಿಡಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಕೆಂಟ್ ವ್ಲೀಟ್ ಇದನ್ನು ಪರೀಕ್ಷಿಸಿಯೇ ನೋಡಿದರು. ನೀರಿನಲ್ಲಿ ತಿನ್ನುವ ಪ್ರಾಣಿಯ ಕಣ್ಣು ಒದ್ದೆಯಾಗಿದ್ದರೆ ಅದು ಕಣ್ಣೀರೋ ಕೆರೆನೀರೋ ತಿಳಿಯುವುದು ಹೇಗೆ? ಅದಕ್ಕೆ ಒಣನೆಲದಲ್ಲಿ ತಿನ್ನಲು ಕಲಿತಿದ್ದ 4 ಕೇಮನ್ ಮತ್ತು 3 ಅಲಿಗೇಟರ್‌ಗಳನ್ನು ಆರಿಸಿಕೊಂಡರು; ಎರಡೂ ಮೊಸಳೆಯ ಹತ್ತಿರದ ನೆಂಟರು. 7ರಲ್ಲಿ 5 ಪ್ರಾಣಿಗಳ ಕಣ್ಣಲ್ಲಿ ತಿನ್ನುವಾಗ ನೀರು ಬಂತು, ಕೆಲವದರಲ್ಲಿ ನೊರೆಯಾಗಿ. 2007ರಲ್ಲಿ ಪ್ರಕಟವಾದ ಅಧ್ಯಯನ ಅದು. ದುಃಖ ಇರಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ. ನುಡಿಗಟ್ಟಿನ ಅರ್ಥವೂ ಅದೇ ಅಲ್ಲವೇ.

ನೀಲನಕ್ಷೆಯ ಕತೆ ನನಗೆ ಮೂಗಿನ ಮೂಲಕ ನೆನಪಿದೆ. ನಮ್ಮೂರಿನ ಪಾಲಿಕೆ ಕಚೇರಿಯ ಹಿಂದಿನ ಓಣಿಯಲ್ಲಿ ಒಂದು ‘ಅಮೋನಿಯಾ ಪ್ರಿಂಟ್’ ಅಂಗಡಿ ಇತ್ತು. ಮನೆ ಕಟ್ಟುವವರು ಪ್ಲಾನಿನ ಸುರುಳಿ ಹಿಡಿದು ಅಲ್ಲಿ ಸಾಲು ನಿಲ್ಲುತ್ತಿದ್ದರು. ಬಾಗಿಲು ದಾಟಿದರೆ ಕಣ್ಣಲ್ಲಿ ನೀರು ಬರುವಂಥ ಘಾಟು. ಹೊರಬರುತ್ತಿದ್ದ ಹಾಳೆಯಲ್ಲಿ ಬಿಳಿಯ ಮೇಲೆ ನೀಲಿ ಗೆರೆ. ಬ್ಲೂಪ್ರಿಂಟ್ ಅಂದರೆ ಇದೇ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಅಲ್ಲ, ಇದು ಅದರ ಜಾಗಕ್ಕೆ ಬಂದ ತಮ್ಮ. ಅಸಲಿ ಬ್ಲೂಪ್ರಿಂಟಿನಲ್ಲಿ ಹಾಳೆಯೇ ನೀಲಿ, ಗೆರೆ ಬಿಳಿ.

ಅದರ ರಸಾಯನ ಸರಳ, ಹಾಗೇ ಸೊಗಸು. 1842ರಲ್ಲಿ ಜಾನ್ ಹರ್ಷೆಲ್ ಎಂಬ ಇಂಗ್ಲಿಷ್ ವಿಜ್ಞಾನಿ ಕಂಡುಹಿಡಿದದ್ದು. ಕಬ್ಬಿಣದ ಒಂದು ಲವಣವನ್ನೂ ಪೊಟ್ಯಾಸಿಯಂ ಫೆರಿಸಯನೈಡನ್ನೂ ಬೆರೆಸಿ ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಬೇಕು. ಅದರ ಮೇಲೆ, ಕಪ್ಪು ಶಾಯಿಯಲ್ಲಿ ಚಿತ್ರ ಬರೆದ ಪಾರದರ್ಶಕ ಹಾಳೆಯನ್ನಿಟ್ಟು ಬಿಸಿಲಿಗೆ ಹಿಡಿಯಬೇಕು. ಬಿಸಿಲು ಬಿದ್ದ ಕಡೆಯೆಲ್ಲ ಕಬ್ಬಿಣ ಬದಲಾಗಿ, ನೀರಿನಲ್ಲಿ ಕರಗದ ಗಾಢ ನೀಲಿ ಬಣ್ಣವಾಗುತ್ತದೆ. ಶಾಯಿಯ ಗೆರೆಯ ನೆರಳಿದ್ದ ಕಡೆ ಏನೂ ಆಗುವುದಿಲ್ಲ. ಆಮೇಲೆ ಬರೀ ನೀರಿನಲ್ಲಿ ತೊಳೆದರೆ ಸಾಕು, ನೆರಳಿದ್ದ ಕಡೆಯ ರಾಸಾಯನಿಕ ಕೊಚ್ಚಿಹೋಗಿ ಬಿಳಿ ಗೆರೆ ಉಳಿಯುತ್ತದೆ. ಫೋಟೊಕಾಪಿ ಯಂತ್ರ ಹುಟ್ಟುವ ಎಷ್ಟೋ ಮೊದಲು ಒಂದು ನಕ್ಷೆಯ ಹತ್ತಾರು ಪ್ರತಿ ತೆಗೆಯಲು ಎಂಜಿನಿಯರುಗಳಿಗೆ ಇದ್ದ ಅಗ್ಗದ ದಾರಿ ಇದು. ಹಾಗಾಗಿ ಬ್ಲೂಪ್ರಿಂಟ್ ಅಂದರೆ ನಕಲು, ಮೂಲವಲ್ಲ. ‘ಸರ್ಕಾರ ನೀಲನಕ್ಷೆ ಸಿದ್ಧಪಡಿಸುತ್ತಿದೆ’ ಎಂದು ಬರೆಯುವಾಗ ನಾವು ಹೇಳುತ್ತಿರುವುದು, ಸರ್ಕಾರ ಜೆರಾಕ್ಸ್ ಮಾಡಿಸುತ್ತಿದೆ ಎಂದು.

ಹಸಿರು ನಿಶಾನೆಗೂ ಒಂದು ತಿರುವು ಇದೆ. ರೈಲು ಶುರುವಾದ ಕಾಲದ ಬ್ರಿಟನ್ನಿನಲ್ಲಿ ‘ಹೋಗು’ ಅನ್ನುವುದಕ್ಕೆ ಹಸಿರು ದೀಪ ಇರಲಿಲ್ಲ. ಬಿಳಿ ದೀಪ ಅಂದರೆ ಹೋಗು, ಹಸಿರು ಅಂದರೆ ಎಚ್ಚರಿಕೆ, ಕೆಂಪು ಅಂದರೆ ನಿಲ್ಲು. ಇದರಲ್ಲಿ ಒಂದು ಭಯಂಕರ ದೋಷವಿತ್ತು. ಕೆಂಪು ದೀಪದ ಗಾಜು ಒಡೆದು ಬಿದ್ದರೆ ಒಳಗಿನ ಜ್ವಾಲೆ ಬಿಳಿಯಾಗಿಯೇ ಕಾಣುತ್ತದಲ್ಲ. ನಿಲ್ಲಬೇಕಾದ ಚಾಲಕ ಹೋಗಬಹುದೆಂದು ತಿಳಿಯುತ್ತಾನೆ. ಊರಿನ ಬೀದಿದೀಪವೂ ದೂರದಿಂದ ಸಿಗ್ನಲ್ಲಿನಂತೆ ಕಾಣಬಹುದು. 19ನೇ ಶತಮಾನದ ಕೊನೆಯ ಹೊತ್ತಿಗೆ ಬಿಳಿಯನ್ನು ಕೈಬಿಟ್ಟು ಹಸಿರಿಗೆ ‘ಹೋಗು’ ಪಟ್ಟ ಕಟ್ಟಿದರು. ಅಂದರೆ ಆರಂಭದ ರೈಲ್ವೆಯವರಿಗೆ ‘ಯೋಜನೆಗೆ ಹಸಿರು ನಿಶಾನೆ’ ಎಂಬ ಶೀರ್ಷಿಕೆ ತೋರಿಸಿದ್ದರೆ, ‘ಸ್ವಲ್ಪ ನಿಧಾನ, ಹುಷಾರು’ ಎಂದು ಓದಿಕೊಳ್ಳುತ್ತಿದ್ದರು. ಕೆಲವು ಯೋಜನೆಗಳ ಮಟ್ಟಿಗೆ ಆ ಓದೇ ವಾಸಿ.

ಇನ್ನು ಆನೆ. ಕಟ್ಟಿ ಹಾಕಿಕೊಂಡು ಸಾಕಲಾಗದ, ಮಾರಲೂ ಆಗದ ದುಬಾರಿ ಸ್ವತ್ತು ಬಿಳಿಯಾನೆ. ಇದಕ್ಕೆ ಹೇಳುವ ಕತೆ ಸಯಾಮಿನದು, ಅಂದರೆ ಇಂದಿನ ಥಾಯ್ಲೆಂಡಿನದು. ರಾಜನಿಗೆ ಯಾವ ಆಸ್ಥಾನಿಕನ ಮೇಲೆ ಸಿಟ್ಟೋ ಅವನಿಗೆ ಒಂದು ಬಿಳಿಯಾನೆ ಉಡುಗೊರೆ. ಪವಿತ್ರ ಪ್ರಾಣಿ, ಕೆಲಸಕ್ಕೆ ಹಚ್ಚುವಂತಿಲ್ಲ, ಮಾರುವಂತಿಲ್ಲ, ಮೇವು ಹಾಕಿ ಹಾಕಿ ಅವನ ಮನೆ ದಿವಾಳಿ. ಕತೆ ಚೆನ್ನಾಗಿದೆ, ಆದರೆ ಇಂಗ್ಲಿಷರು ಹೇಳಿಕೊಂಡ ಕತೆ. ಸಯಾಮಿನಲ್ಲಿ ಬಿಳಿಯಾನೆ ಸಿಕ್ಕರೆ ಅದು ರಾಜನಿಗೇ ಸೇರಬೇಕು. ಅದು ಅವನ ಪುಣ್ಯದ, ಅಧಿಕಾರದ ಗುರುತು. 1916ರವರೆಗೂ ಆ ದೇಶದ ಕೆಂಪು ಬಾವುಟದ ನಡುವೆ ನಿಂತಿದ್ದದ್ದು ಬಿಳಿಯಾನೆಯೇ. ಅಂಥದ್ದನ್ನು ಶಿಕ್ಷೆಯೆಂದು ಹಂಚುವುದುಂಟೇ? 1884ರಲ್ಲಿ ಅಮೆರಿಕದ ಸರ್ಕಸ್ ಮಾಲೀಕ ಬಾರ್ನಮ್ ದುಡ್ಡು ಸುರಿದು ಬರ್ಮಾದಿಂದ ಒಂದು ಬಿಳಿಯಾನೆ ತರಿಸಿದ. ಹಾಲಿನ ಬಣ್ಣ ನೋಡುವ ಆಸೆಯಿಂದ ಬಂದ ಜನರಿಗೆ ಕಂಡದ್ದು ಅಲ್ಲಲ್ಲಿ ಗುಲಾಬಿ ಮಚ್ಚೆಯಿದ್ದ ಬೂದು ಆನೆ. ಬಿಳಿಯಾನೆ ಅಂದರೆ ವಾಸ್ತವದಲ್ಲಿ ಅಷ್ಟೇ, ಚರ್ಮದ ವರ್ಣ ತುಸು ತಿಳಿಯಾದದ್ದು.

ನಮಗಂತೂ ಈ ನುಡಿಗಟ್ಟು ಒಂದು ಸಣ್ಣ ಪೇಚು ತಂದಿಡುತ್ತದೆ. ಬಿಳಿಯ ಆನೆ ಅಂದರೆ ನಮ್ಮಲ್ಲಿ ಐರಾವತ, ಇಂದ್ರನ ವಾಹನ. ನಮ್ಮ ರಾಜ್ಯ ಸಾರಿಗೆಯವರು ಬೆಳ್ಳನೆಯ ವೋಲ್ವೊ ಬಸ್ಸಿಗೆ ‘ಐರಾವತ’ ಎಂದು ಹೆಸರಿಟ್ಟಾಗ ವೈಭವವನ್ನೇ ಉದ್ದೇಶಿಸಿದ್ದರು. ಅದೇ ದಿನದ ಪತ್ರಿಕೆಯಲ್ಲಿ ನಾವು ಇನ್ಯಾವುದೋ ಕಟ್ಟಡವನ್ನು ‘ಬಿಳಿಯಾನೆ’ ಎಂದು ಬೈದಿರುತ್ತೇವೆ.

‘ಮಧುಚಂದ್ರ’ವನ್ನೂ ಇದೇ ಸಾಲಿಗೆ ಸೇರಿಸಬಹುದು. ಹನಿಮೂನಿನ ಪದಶಃ ಅನುವಾದ, ಕೇಳಲು ಕಾವ್ಯದಂತಿದೆ. ಮೂಲ ಮಾತಿನಲ್ಲಿದ್ದದ್ದು ಕಾವ್ಯವಲ್ಲ, ಕುಹಕ. 1552ರ ಒಂದು ಇಂಗ್ಲಿಷ್ ನಿಘಂಟಿನಲ್ಲಿ ಇದರ ವಿವರಣೆ ಇದೆ: ಹೊಸದಾಗಿ ಮದುವೆಯಾದವರು ಮೊದಮೊದಲು ಒಬ್ಬರನ್ನೊಬ್ಬರು ವಿಪರೀತ ಪ್ರೀತಿಸುತ್ತಾರೆ, ಆಮೇಲೆ ಅದು ಇಳಿಯುವ ಲಕ್ಷಣವೇ ಹೆಚ್ಚು, ಆ ಕಾಲವನ್ನು ಸಾಮಾನ್ಯ ಜನ ಹೀಗೆ ಕರೆಯುತ್ತಾರೆ, ಎಂದು. ಜೇನು ಸಿಹಿಗೆ, ಚಂದ್ರ ಕ್ಷೀಣಿಸುವುದಕ್ಕೆ. ಊಟಿಗೆ ಹೋಗಿಬರುವ ಅರ್ಥ ಬಹಳ ತಡವಾಗಿ ಬಂದದ್ದು.

ಇನ್ನೊಂದಿದೆ, ಅದನ್ನು ನಾವು ಅನುವಾದಿಸಲಿಲ್ಲ, ಅಗತ್ಯವೂ ಇರಲಿಲ್ಲ. ‘ಗಡುವು’ ಎಂಬ ಒಳ್ಳೆಯ ಪದ ಇರುವಾಗಲೂ ಸುದ್ದಿಮನೆಯಲ್ಲಿ ಎಲ್ಲರ ಬಾಯಲ್ಲೂ ಡೆಡ್‌ಲೈನ್. ಅದರ ಮೊದಲ ಅರ್ಥ ನಿಜಕ್ಕೂ ಸಾವಿನ ಗೆರೆ. ಅಮೆರಿಕದ ಅಂತರ್ಯುದ್ಧದ ಕಾಲ, 1864. ಜಾರ್ಜಿಯಾ ರಾಜ್ಯದ ಆಂಡರ್ಸನ್‌ವಿಲ್ ಎಂಬಲ್ಲಿ ದಕ್ಷಿಣದವರು ಉತ್ತರದ ಸೈನಿಕರನ್ನು ಕೂಡಿಹಾಕಲು ಮರದ ದಿಮ್ಮಿಗಳ ಎತ್ತರದ ಗೋಡೆ ಕಟ್ಟಿದರು. ಗೋಡೆಯಿಂದ ಸುಮಾರು 19 ಅಡಿ ಒಳಕ್ಕೆ, ಗೂಟಗಳ ಮೇಲೆ ತೆಳು ಹಲಗೆಯ ಒಂದು ಅಡ್ಡಪಟ್ಟಿ. ಅದನ್ನು ದಾಟಿದವನಿಗೆ, ಕೆಲವೊಮ್ಮೆ ಕೈ ಚಾಚಿದವನಿಗೂ, ಮೇಲಿನ ಕಾವಲುಗಾರರು ಗುಂಡು ಹೊಡೆಯಬಹುದಿತ್ತು. 14 ತಿಂಗಳಲ್ಲಿ ಅಲ್ಲಿ ಸುಮಾರು 45,000 ಜನರನ್ನು ತುಂಬಿದ್ದರು. ಹತ್ತಿರ ಹತ್ತಿರ 13,000 ಮಂದಿ ಸತ್ತರು, ಹೆಚ್ಚಿನವರು ಹಸಿವು, ಅತಿಸಾರ, ಸ್ಕರ್ವಿಯಿಂದ. ಯುದ್ಧ ಮುಗಿದ ಮೇಲೆ ಶಿಬಿರದ ಅಧಿಕಾರಿ ಹೆನ್ರಿ ವರ್ಜ್ ಮೇಲೆ ವಿಚಾರಣೆ ನಡೆದು, 1865ರ ನವೆಂಬರ್ 10ರಂದು ಗಲ್ಲಿಗೇರಿಸಿದರು. ವಿಚಾರಣೆಯ ವರದಿಗಳಲ್ಲಿ ಆ ಗೆರೆಯ ಹೆಸರು ದೇಶಕ್ಕೆಲ್ಲ ಪರಿಚಯವಾಯಿತು. ಆಮೇಲೆ ಅಚ್ಚುಕೂಟದವರು ಮುದ್ರಣಯಂತ್ರದ ಹಾಸಿನ ಮೇಲೆ ಹಾಕಿಕೊಂಡ ಒಂದು ಗೆರೆಗೆ ಅದೇ ಹೆಸರು ಬಂತು. ಅದರಾಚೆ ಕೂರಿಸಿದ ಮೊಳೆ ಕಾಗದದ ಮೇಲೆ ಮೂಡುವುದಿಲ್ಲ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಅದು ಹೊತ್ತಿನ ಗೆರೆಯಾಯಿತು: ಇಷ್ಟು ಗಂಟೆ ದಾಟಿದರೆ ಸುದ್ದಿ ಸತ್ತ ಹಾಗೆ. ಇದನ್ನು ಓದಿದ ಮೇಲೆ ನಮ್ಮ ಮುಖ್ಯ ಉಪಸಂಪಾದಕರು ‘ಡೆಡ್‌ಲೈನ್, ಡೆಡ್‌ಲೈನ್’ ಎಂದು ಕೂಗುವಾಗ ನನಗೆ ಸ್ವಲ್ಪ ಮೈ ನಡುಗುತ್ತಿತ್ತು.

ಇವನ್ನೆಲ್ಲ ಹೀಗೆಯೇ ಎಂದು ಹೇಳುವುದು ಯಾವ ಧೈರ್ಯದ ಮೇಲೆ? ಪದಮೂಲ ಹುಡುಕುವವರ ಹತ್ತಿರ ಇರುವ ದೊಡ್ಡ ಆಯುಧ ಒಂದೇ, ತಾರೀಖು. ಈ ಮಾತು ಬರಹದಲ್ಲಿ ಮೊದಲು ಕಂಡದ್ದು ಯಾವಾಗ, ಯಾರ ಬಾಯಲ್ಲಿ, ಯಾವ ಅರ್ಥದಲ್ಲಿ? 1884ರಿಂದ 1928ರವರೆಗೆ ಕಂತು ಕಂತಾಗಿ ಹೊರಬಂದ ಆಕ್ಸ್‌ಫರ್ಡ್ ಮಹಾನಿಘಂಟು ಕಟ್ಟಿದ್ದೇ ಹೀಗೆ. ಊರೂರಿನ ಓದುಗರು ಹಳೆಯ ಪುಸ್ತಕಗಳನ್ನು ಓದಿ, ಪದ ಬಂದ ವಾಕ್ಯವನ್ನು ಚೀಟಿಯಲ್ಲಿ ಬರೆದು, ತಾರೀಖು ಹಾಕಿ ಅಂಚೆಯಲ್ಲಿ ಕಳಿಸಿದರು. ನಮ್ಮ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟೂ ಶಾಸನ, ಕಾವ್ಯಗಳಿಂದ ಪ್ರಯೋಗ ಎತ್ತಿಕೊಟ್ಟೇ ಅರ್ಥ ಹೇಳುತ್ತದೆ. ಕತೆ ಎಷ್ಟೇ ರುಚಿಯಾಗಿರಲಿ, ತಾರೀಖು ಕೂಡದಿದ್ದರೆ ಅದು ಕತೆಯೇ.

ಇದರ ಒಳ್ಳೆಯ ನಿದರ್ಶನ ‘ಓಕೆ’. ತರಕಾರಿ ಕೊಳ್ಳುವಾಗಲೂ ‘ಓಕೇನಾ?’ ಅನ್ನುವ ನಮಗೆ ಇದೂ ಕನ್ನಡವೇ ಆಗಿಬಿಟ್ಟಿದೆ. ಗ್ರೀಕ್ ಮೂಲ, ಅಮೆರಿಕದ ಮೂಲನಿವಾಸಿಗಳ ಮಾತು, ಯಾವುದೋ ಬಿಸ್ಕತ್ತಿನ ಮುದ್ರೆ ಎಂದು ಇದಕ್ಕೆ ಹೇಳಿದ ಹುಟ್ಟುಕತೆಗಳಿಗೆ ಲೆಕ್ಕವಿಲ್ಲ. 1960ರ ದಶಕದಲ್ಲಿ ಅಲನ್ ವಾಕರ್ ರೀಡ್ ಎಂಬ ವಿದ್ವಾಂಸರು ಹಳೆಯ ಪತ್ರಿಕೆಗಳ ರಾಶಿಯಲ್ಲಿ ಕೂತು ಅದನ್ನು ಹಿಡಿದರು: 1839ರ ಮಾರ್ಚ್ 23, ಬಾಸ್ಟನ್ ಮಾರ್ನಿಂಗ್ ಪೋಸ್ಟ್. ಆ ಕಾಲದ ಪತ್ರಕರ್ತರಿಗೆ ಒಂದು ಹುಚ್ಚು ಹಿಡಿದಿತ್ತು, ಬೇಕೆಂದೇ ತಪ್ಪು ಕಾಗುಣಿತ ಬರೆದು ಅದರ ಮೊದಲಕ್ಷರಗಳನ್ನು ಮಾತ್ರ ಅಚ್ಚು ಹಾಕುವುದು. ‘ಆಲ್ ಕರೆಕ್ಟ್’ ಎಂಬುದನ್ನು ‘ಓಲ್ ಕೊರೆಕ್ಟ್’ ಮಾಡಿ, ಅದರಿಂದ ಓ.ಕೆ. ಇಂದಿನ ವಾಟ್ಸ್ಯಾಪ್ ಹುಡುಗರ ಚೇಷ್ಟೆಗೂ ಇದಕ್ಕೂ ವ್ಯತ್ಯಾಸವಿಲ್ಲ. ಆ ಬಗೆಯ ಡಜನ್‌ಗಟ್ಟಲೆ ಹ್ರಸ್ವಗಳು ಸತ್ತುಹೋದವು. ಇದು ಮಾತ್ರ ಉಳಿದದ್ದು, ಮರುವರ್ಷವೇ ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರನ್ ಮರುಆಯ್ಕೆಗೆ ನಿಂತದ್ದರಿಂದ. ಅವರ ಹುಟ್ಟೂರು ಕಿಂಡರ್‌ಹುಕ್, ಬೆಂಬಲಿಗರಿಗೆ ಅವರು ‘ಓಲ್ಡ್ ಕಿಂಡರ್‌ಹುಕ್’. ಆ ಬೆಂಬಲಿಗರು ಓ.ಕೆ. ಕ್ಲಬ್ಬುಗಳನ್ನು ಕಟ್ಟಿ ಬೀದಿಬೀದಿಯಲ್ಲಿ ಕೂಗಿದರು. ಅಧ್ಯಕ್ಷರು ಸೋತರು, ಘೋಷಣೆ ಗೆದ್ದಿತು.

ತಾರೀಖಿನ ಮುಂದೆ ನಿಲ್ಲದ ಕತೆಗಳಲ್ಲಿ ಹಲವು ನಮ್ಮನ್ನೇ ಹಿಡಿಯಲು ಹೆಣೆದ ಬಲೆಯಂತಿವೆ. ಠಾಕುಠೀಕಾದದ್ದಕ್ಕೆ ‘ಪಾಶ್’ ಅನ್ನುತ್ತಾರಲ್ಲ, ಅದು ಇಂಗ್ಲೆಂಡಿನಿಂದ ಭಾರತಕ್ಕೆ ಬರುವಾಗ ಹಡಗಿನ ಎಡಬದಿಯ, ಹಿಂತಿರುಗುವಾಗ ಬಲಬದಿಯ ತಂಪು ಕೋಣೆ ಕಾದಿರಿಸಿದ ಸಾಹುಕಾರರ ಟಿಕೆಟ್ಟಿನ ನಾಲ್ಕಕ್ಷರ (‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’) ಎಂಬ ಕತೆ ಕೇಳಿರುತ್ತೀರಿ. ಅಂಥ ಮುದ್ರೆಯಿರುವ ಒಂದೇ ಒಂದು ಟಿಕೆಟ್ ಸಿಕ್ಕಿಲ್ಲ. ಪದ ಬಳಕೆಗೆ ಬಂದ ಎಷ್ಟೋ ವರ್ಷದ ಮೇಲೆ ಕತೆ ಹುಟ್ಟಿತು. ‘ಐ ಡೋಂಟ್ ಕೇರ್ ಎ ಡ್ಯಾಮ್’ ಎಂಬುದು ಮೊಗಲರ ತಾಮ್ರದ ನಾಣ್ಯ ‘ದಾಮ್’ನಿಂದ ಬಂತು ಎಂಬುದೂ ಹಾಗೇ. ಅಕ್ಬರನ ಕಾಲದಲ್ಲಿ ಒಂದು ರೂಪಾಯಿಗೆ 40 ದಾಮ್, ಸರಿ. ನಾವೂ ‘ಮೂರು ಕಾಸಿನ ಬೆಲೆ ಇಲ್ಲ’ ಅನ್ನುತ್ತೇವೆ, ಅದೂ ಸರಿ. ಆದರೆ ಶಾಪ ಹಾಕುವುದನ್ನು ಇಂಗ್ಲಿಷರು ಯಾರಿಂದಲೂ ಕಲಿಯಬೇಕಿರಲಿಲ್ಲ. ಆಕ್ಸ್‌ಫರ್ಡಿನವರು ಈ ನಾಣ್ಯದ ಕತೆಯನ್ನು ಒಪ್ಪುವುದಿಲ್ಲ.

‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಬಗ್ಗೆ 1999ರಲ್ಲಿ ಲೋಕವೆಲ್ಲ ಸುತ್ತಿದ ಮಿಂಚಂಚೆಯೊಂದಿತ್ತು: ಹಿಂದೆ ಮನೆಗಳಿಗೆ ಹುಲ್ಲಿನ ಮಾಡು, ಬೆಚ್ಚಗಿರಲೆಂದು ನಾಯಿ ಬೆಕ್ಕುಗಳು ಅದರಲ್ಲಿ ಮಲಗುತ್ತಿದ್ದವು, ಮಳೆ ಬಂದರೆ ಜಾರಿ ಬೀಳುತ್ತಿದ್ದವು. ಸೋಗೆ ಮಾಡಿನ ಕೆಳಗೆ ಮಲೆನಾಡಿನ ಮಳೆಗಾಲ ಕಳೆದವರು ಯಾರೂ ಇದನ್ನು ನಂಬಲಾರರು. ಮಳೆಗೆ ನಾಯಿ ಬರುವುದು ಒಲೆಯ ಹತ್ತಿರಕ್ಕೆ, ಮಾಡಿನ ಮೇಲಕ್ಕಲ್ಲ. 17ನೇ ಶತಮಾನದಿಂದಲೇ ಬರಹಗಾರರು ನಾಯಿ ಬೆಕ್ಕುಗಳನ್ನು ಆಕಾಶದಿಂದ ಸುರಿಸಿದ್ದಾರೆ. ಬರೀ ಅತಿಶಯೋಕ್ತಿ, ನಾವು ಕುಂಭವನ್ನೂ ದ್ರೋಣವನ್ನೂ ಸುರಿಸುವ ಹಾಗೆ.

ನಿಜವಾಗಿ ನಮ್ಮಿಂದ ಹೋದವೂ ಬೇಕಾದಷ್ಟಿವೆ, ಸುಳ್ಳು ಕತೆಯ ಹಂಗಿಲ್ಲದೆ. ಅವನ್ನು ಒಟ್ಟುಗೂಡಿಸಿದ ದೊಡ್ಡ ಪುಸ್ತಕ 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು. ಹೆನ್ರಿ ಯೂಲ್ ಜೊತೆ ಅದನ್ನು ಕಟ್ಟಿದ ಎ.ಸಿ. ಬರ್ನೆಲ್ ನಮಗೆ ದೂರದವರಲ್ಲ: ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದು, ತುಳುನಾಡಿನ ಭೂತಗಳ ಪಾಡ್ದನ ಸಂಗ್ರಹಿಸಿದವರು, ದಕ್ಷಿಣ ಭಾರತದ ಲಿಪಿಗಳ ಬಗೆಗಿನ ತಮ್ಮ ಪುಸ್ತಕವನ್ನು 1874ರಲ್ಲಿ ಅಲ್ಲಿಯ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿದವರು. ನಿಘಂಟು ಹೊರಬರುವ ನಾಲ್ಕು ವರ್ಷ ಮೊದಲೇ ತೀರಿಕೊಂಡರು. ಆ ವಿಚಿತ್ರ ಹೆಸರಾದರೂ ಏನು? ಮೊಹರಂ ಮೆರವಣಿಗೆಯ ‘ಯಾ ಹಸನ್! ಯಾ ಹುಸೇನ್!’ ಎಂಬ ಗೋಳು ಬ್ರಿಟಿಷ್ ಸಿಪಾಯಿಗಳ ಕಿವಿಯಲ್ಲಿ ಹಾಗಾಯಿತು.

ತಲೆ ಕೆಟ್ಟವನಿಗೆ ಇಂಗ್ಲೆಂಡಿನಲ್ಲಿ ಇಂದಿಗೂ ‘ಡೂಲಾಲಿ’ ಅನ್ನುತ್ತಾರೆ. ಅದು ನಾಸಿಕದ ಹತ್ತಿರದ ದೇವಳಾಲಿ. ಸೇವೆ ಮುಗಿಸಿದ ಬ್ರಿಟಿಷ್ ಸೈನಿಕರು ಹಡಗಿಗಾಗಿ ಕಾಯುತ್ತಿದ್ದ ಶಿಬಿರ ಅಲ್ಲಿತ್ತು. ಹಡಗು ಬರುವುದು ಚಳಿಗಾಲದಲ್ಲಿ ಮಾತ್ರ. ಉಳಿದ ತಿಂಗಳು ಕೆಲಸವಿಲ್ಲ, ಬಿಸಿಲು, ಮಲೇರಿಯಾ, ಹೆಂಡ. ಅಲ್ಲಿ ಹಿಡಿಯುವ ಹುಚ್ಚಿಗೆ ‘ಡೂಲಾಲಿ ಟ್ಯಾಪ್’ ಎಂದರು. ಆ ‘ಟ್ಯಾಪ್’ ನಲ್ಲಿಯಲ್ಲ, ನಮ್ಮ ತಾಪವೇ, ಜ್ವರ. ನಮ್ಮ ‘ಕಾಸು’ ಕೂಡ ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಗಿ, ಚಿಲ್ಲರೆ ನಾಣ್ಯಕ್ಕೆ ‘ಕ್ಯಾಶ್’ ಎಂಬ ಹೆಸರಾಯಿತು. ಆದರೆ ಕೌಂಟರಿನಲ್ಲಿ ಎಣಿಸುವ ಕ್ಯಾಶ್ ಬೇರೆ, ಅದು ಹಣದ ಪೆಟ್ಟಿಗೆಗೆ ಫ್ರೆಂಚರು ಹೇಳುವ ಪದದಿಂದ ಬಂದದ್ದು. ಒಂದೇ ಕಾಗುಣಿತ, ಒಂದೇ ವ್ಯವಹಾರ, ರಕ್ತಸಂಬಂಧ ಮಾತ್ರ ಇಲ್ಲ.

ರಾತ್ರಿ ಪಾಳಿಯ ಕೊನೆಯ ವರ್ಷಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ‘ಆ್ಯಸಿಡ್ ಟೆಸ್ಟ್’. 1918ರ ಜನವರಿ 8ರಂದು ಅಮೆರಿಕದ ಅಧ್ಯಕ್ಷ ವಿಲ್ಸನ್ ತಮ್ಮ ಹದಿನಾಲ್ಕು ಅಂಶಗಳ ಭಾಷಣದಲ್ಲಿ, ರಷ್ಯಾವನ್ನು ಉಳಿದ ದೇಶಗಳು ನಡೆಸಿಕೊಳ್ಳುವ ರೀತಿಯೇ ಅವರ ಸದ್ಭಾವನೆಯ ಆ್ಯಸಿಡ್ ಟೆಸ್ಟ್ ಎಂದರು. ಅಲ್ಲಿಂದ ರಾಜಕೀಯ ವರದಿಗಾರರೆಲ್ಲ ಅದನ್ನೇ ಹಿಡಿದುಕೊಂಡರು. ನಾವು ಕಣ್ಣು ಮುಚ್ಚಿ ‘ಅಗ್ನಿಪರೀಕ್ಷೆ’ ಎಂದು ಬರೆಯುತ್ತೇವೆ. ಬಹುಮತ ಸಾಬೀತು ಮಾಡಬೇಕಾದ ಮುಖ್ಯಮಂತ್ರಿಗೂ ಎಸ್ಸೆಸ್ಸೆಲ್ಸಿ ಹುಡುಗನಿಗೂ ಅಗ್ನಿಪರೀಕ್ಷೆಯೇ, ಪಾಪ ಸೀತೆ.

ಅಮ್ಮನ ಹಳೆಯ ಬಳೆ ಮುರಿಸಲು ಒಮ್ಮೆ ಅಕ್ಕಸಾಲಿಗರ ಅಂಗಡಿಗೆ ಹೋಗಿದ್ದೆ. ಅವರು ಮೇಜಿನ ಖಾನೆಯಿಂದ ಅಂಗೈ ಅಗಲದ ಕರಿಯ ಕಲ್ಲು ತೆಗೆದು ಬಳೆಯನ್ನು ಒಮ್ಮೆ ಉಜ್ಜಿದರು, ಹಳದಿ ಗೆರೆ ಮೂಡಿತು. ಬಳೆಯ ಕೊಂಡಿಯನ್ನು ಪಕ್ಕದಲ್ಲಿ ಉಜ್ಜಿದರು, ಅದೂ ಹಳದಿಯೇ. ನನ್ನ ಕಣ್ಣಿಗೆ ಎರಡೂ ಒಂದೇ. ಆಮೇಲೆ ಗಾಜಿನ ಕಡ್ಡಿಯಿಂದ ಎರಡಕ್ಕೂ ಒಂದೊಂದು ಹನಿ ನೈಟ್ರಿಕ್ ಆಮ್ಲ ಮುಟ್ಟಿಸಿದರು. ಬಳೆಯ ಗೆರೆ ಅಲುಗಲಿಲ್ಲ. ಕೊಂಡಿಯ ಗೆರೆ ಹಸಿರು ನೊರೆ ಎದ್ದು ನೋಡನೋಡುತ್ತಲೇ ಕರಗಿಹೋಯಿತು.

“ಕೊಂಡಿ ಹಿತ್ತಾಳೆ ಸ್ವಾಮಿ,” ಎಂದರು, ಕಲ್ಲನ್ನು ಬಟ್ಟೆಯಿಂದ ಒರೆಸುತ್ತಾ. “ತೂಕದಲ್ಲಿ ಅದನ್ನ ಕಳೀತೀನಿ.”

ಅವತ್ತು ರಾತ್ರಿಯ ಪುಟದಲ್ಲಿ ‘ಅಗ್ನಿಪರೀಕ್ಷೆ’ ಎಂದಿದ್ದ ಕಡೆ ‘ಒರೆಗಲ್ಲು’ ಎಂದು ತಿದ್ದಿ ಕಳಿಸಿದೆ.